ಆಲ್ಟೊ ಬಿಟ್ಟು ಟೆನರ್ ಹಿಡಿದಾಗ

ಎಂಟು ವರ್ಷ ಆಲ್ಟೊ ಸ್ಯಾಕ್ಸೊಫೋನ್ ಊದಿದ ಮೇಲೆ ಅದಕ್ಕಿಂತ ದೊಡ್ಡದಾದ, ತಗ್ಗು ದನಿಯ ಟೆನರ್ ಸ್ಯಾಕ್ಸೊಫೋನ್ ಕೈಗೆತ್ತಿಕೊಂಡೆ. ಎರಡರಲ್ಲೂ ಬೆರಳು ಇಡುವ ಕ್ರಮ ಒಂದೇ. ಇದೇನು ಮಹಾ, ಒಂದು ವಾರದ ಕೆಲಸ ಅಂದುಕೊಂಡಿದ್ದೆ. ಬೆರಳುಗಳೇನೋ ಮೊದಲ ದಿನವೇ ಹೊಂದಿಕೊಂಡವು. ಕೈಕೊಟ್ಟಿದ್ದು ಬಾಯಿ.

ಎಷ್ಟು ಊದಿದರೂ ಸಣಕಲು ದನಿ. ಶ್ರುತಿ ಬೇರೆ ಏರುತ್ತಿತ್ತು. ತೀರಾ ಕೆಳಗಿನ ಸಿ, ಬಿ ಸ್ವರಗಳನ್ನು ಊದಲು ಹೋದರೆ ಒಂದು ಆಕ್ಟೇವ್ (ಸ್ಥಾಯಿ) ಮೇಲಿನ ಸ್ವರ ಹಾರಿ ಬರುತ್ತಿತ್ತು. ತೂತು ಮುಚ್ಚುವ ಪ್ಯಾಡಿನಿಂದ ಗಾಳಿ ಸೋರುತ್ತಿರಬೇಕು ಅಂತ ರಿಪೇರಿಯವರ ಹತ್ತಿರ ಒಯ್ದೆ. ಅವರು ಕೊಳವೆಯೊಳಗೆ ಲೈಟ್ ಇಳಿಸಿ ನೋಡಿದರು. ಏನೂ ಹೇಳದೆ ಕೆಳಗಿನ ಬಿ ಫ್ಲಾಟನ್ನು ಮೆತ್ತಗೆ ಊದಿ, ವಾದ್ಯವನ್ನು ನನ್ನ ಕೈಗೇ ಕೊಟ್ಟರು. ನಾಚಿಕೆಯಾಯಿತು.

ಮನೆಗೆ ಬಂದು ಬರೀ ಮೌತ್‌ಪೀಸ್ ಊದಿ, ಯಾವ ಸ್ವರ ಅಂತ ತೋರಿಸುವ ಟ್ಯೂನರ್ ನೋಡಿದೆ. ಆಲ್ಟೊ ಮೌತ್‌ಪೀಸ್ ಒಂದನ್ನೇ ಊದಿದರೆ ಸುಮಾರಾಗಿ ಎ ಬರಬೇಕು, ಟೆನರಿನದಾದರೆ ಜಿ. ನನ್ನದು ಎ ದಾಟಿ ಬಿ ಫ್ಲಾಟ್ ಹತ್ತಿರ ಹೋಗಿತ್ತು. ಹಳೇ ಅಭ್ಯಾಸದಲ್ಲಿ ರೀಡನ್ನು (ಮೌತ್‌ಪೀಸಿಗೆ ಕಟ್ಟುವ, ಅದುರಿ ದನಿ ಹುಟ್ಟಿಸುವ ತೆಳು ಪಟ್ಟಿ) ಕಚ್ಚಿ ಹಿಡಿಯುತ್ತಿದ್ದೆ, ಅಷ್ಟೇ. ಟೆನರ್ ರೀಡ್ ಅಗಲ, ಅದು ಅದುರಲು ಜಾಗ ಬೇಕು. ಕೆಳದವಡೆ ಸಡಿಲಿಸಿದೆ, ತುಟಿಯ ಮೂಲೆಗಳನ್ನು ಮಾತ್ರ ಬಿಗಿ ಹಿಡಿದೆ, ಮೌತ್‌ಪೀಸನ್ನು ಸ್ವಲ್ಪ ಜಾಸ್ತಿ ಬಾಯೊಳಗೆ ತಗೊಂಡೆ. ಕನ್ನಡಕ ಒರೆಸುವಾಗ ಹಾ ಅಂತ ಬಿಸಿಯುಸಿರು ಬಿಡುತ್ತೇವಲ್ಲ, ಗಂಟಲು ಹಾಗೆ ತೆರೆದಿರಬೇಕು. ಗಟ್ಟಿಯಾದ 3ರ ರೀಡ್ ಬಿಟ್ಟು ಅದಕ್ಕಿಂತ ಮೆತ್ತಗಿನ 2.5ಕ್ಕೆ ಇಳಿದೆ. ದಿನಾ 15 ನಿಮಿಷ ಒಂದೊಂದೇ ಸ್ವರವನ್ನು ಉದ್ದಕ್ಕೆ ಎಳೆಯುವುದು, ಬೇರೇನಿಲ್ಲ. ಮೂರನೇ ವಾರ ಕೆಳಗಿನ ಬಿ ತಾನಾಗಿಯೇ ಬಂತು. ವಾದ್ಯದ ನಡುಕ ಎದೆಗೇ ತಾಗಿತು.

ಕಿವಿಯ ತೊಂದರೆ ಬೇರೆಯೇ. ಆಲ್ಟೊ ಇ ಫ್ಲಾಟ್ ವಾದ್ಯ, ಟೆನರ್ ಬಿ ಫ್ಲಾಟ್. ಅಂದರೆ ಬೆರಳು ಸಿ ಹಿಡಿದರೆ ಆಲ್ಟೊದಲ್ಲಿ ಕೇಳುವುದು ಇ ಫ್ಲಾಟ್, ಟೆನರಿನಲ್ಲಿ ಬಿ ಫ್ಲಾಟ್. ಕೀಬೋರ್ಡಿನವರು ಸಿ ಅಂದರೆ ಆಲ್ಟೊದಲ್ಲಿ ಎ ಹಿಡಿಯಬೇಕು, ಟೆನರಿನಲ್ಲಿ ಡಿ. ಸ್ವರ ಬರೆದ ಹಾಳೆ ನೋಡಿಕೊಂಡು ನುಡಿಸುವವರಿಗೆ ಇದು ಗೊತ್ತೇ ಆಗುವುದಿಲ್ಲ, ಹಾಳೆಯಲ್ಲೇ ಬದಲಾಯಿಸಿ ಬರೆದಿರುತ್ತಾರೆ. ನಾನು ಕೇಳಿ ನುಡಿಸುವವನು. ಬೆರಳು ಸುಮ್ನೆ ಎ ಕಡೆಗೇ ಓಡುತ್ತಿತ್ತು, ಹೊರಗೆ ಜಿ ಕೇಳುತ್ತಿತ್ತು. ಗೊತ್ತಿರುವ ಹಾಡುಗಳನ್ನೆಲ್ಲ ಕೀಬೋರ್ಡ್ ಜೊತೆ ಮೊದಲಿಂದ ಕಲಿತೆ.

ಭಾರವೂ ಜಾಸ್ತಿ. ಕತ್ತಿನ ಪಟ್ಟಿ ಬಿಟ್ಟು ಎರಡೂ ಹೆಗಲಿಗೆ ಬರುವ ಪಟ್ಟಿ ಹಾಕಿಕೊಂಡ ಮೇಲೆ ಕತ್ತು ನೋವು ನಿಂತಿತು.

ಮೊನ್ನೆ ಆಲ್ಟೊ ತೆಗೆದು ಊದಿದೆ. ಈಗ ಅದರ ಶ್ರುತಿ ಇಳಿಯುತ್ತಿದೆ.