ಜರ್ಮನಿಯಿಂದ ನಾವು ತಂದುಕೊಂಡದ್ದು ಒಂದು ನೋಟ್‌ಬುಕ್

ಮಕ್ಕಳನ್ನು ಕೆಲಸಕ್ಕೆ ಸಿದ್ಧಪಡಿಸುವ ಮಾತು ಬಂದಾಗಲೆಲ್ಲ ಜರ್ಮನಿಯ ಹೆಸರು ಬರುತ್ತದೆ. ಅಲ್ಲಿ ವಾರಕ್ಕೆ ಮೂರು-ನಾಲ್ಕು ದಿನ ಕಂಪನಿಯಲ್ಲಿ ಕೆಲಸ, ಒಂದೆರಡು ದಿನ ವೃತ್ತಿಶಾಲೆಯಲ್ಲಿ ಪಾಠ. ತರಬೇತಿ ಎರಡರಿಂದ ಮೂರೂವರೆ ವರ್ಷ, ಭತ್ಯೆ ಕೊಡುವುದು ಕಂಪನಿ. ಆದರೆ ಇದರ ಹಿಂದೆ 1969ರ ವೃತ್ತಿ ತರಬೇತಿ ಕಾಯ್ದೆ ಇದೆ, ಪರೀಕ್ಷೆ ನಡೆಸುವ ಉದ್ಯಮ ಮಂಡಳಿಗಳಿವೆ. ಒಂದು ಶಾಲೆ ತನ್ನಷ್ಟಕ್ಕೆ ಇದನ್ನೆಲ್ಲ ಕಟ್ಟಲಾಗದು.

ಅದರಲ್ಲಿ ಯಾವ ಶಾಲೆಗೂ ಎಟಕುವ ಒಂದು ಭಾಗವಿದೆ: ಬೆರಿಕ್ಟ್ಸ್‌ಹೆಫ್ಟ್, ಅಂದರೆ ಕಲಿಯುವವರು ತಾವೇ ಬರೆದಿಡುವ ಕೆಲಸದ ದಾಖಲೆ ಪುಸ್ತಕ. ಅದಿಲ್ಲದೆ ಅಲ್ಲಿ ಕೊನೆಯ ಪರೀಕ್ಷೆಗೆ ಕೂರಿಸುವುದಿಲ್ಲ. ಅದನ್ನು ಕೆಲಸದ ಜಾಗದಲ್ಲೇ ಬರೆಯಲು ಅವಕಾಶ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ. ನಮ್ಮ ಶಾಲೆಯ ಮಕ್ಕಳನ್ನು ಒಂದು ವಾರ ಕೆಲಸದ ಜಾಗಗಳಿಗೆ ಕಳಿಸಲು ಹೊರಟಾಗ ನಾವು ತೆಗೆದುಕೊಂಡದ್ದು ಇದನ್ನು.

ದಿನಗಳ ಲೆಕ್ಕ ಜಪಾನಿನದು. ಹ್ಯೋಗೊ ಪ್ರಾಂತದಲ್ಲಿ 1998ರಿಂದ ಮಾಧ್ಯಮಿಕ ಶಾಲೆಯ ಎರಡನೇ ವರ್ಷದ ಮಕ್ಕಳು ಒಂದು ವಾರ ಕೆಲಸದ ಜಾಗಗಳಿಗೆ ಹೋಗುತ್ತಾರೆ. ಒಂದೇ ದಿನ ಕಳಿಸಿದರೆ ಅದು ಪ್ರವಾಸ. ಮೊದಲ ದಿನ ಸಂಕೋಚದಲ್ಲಿ ಕಳೆಯುತ್ತದೆ, ಎರಡನೇ ದಿನ ಯಾವ ಸಾಮಾನು ಎಲ್ಲಿದೆ ಎಂದು ತಿಳಿಯುತ್ತದೆ, ನಿಜವಾದ ಕೆಲಸ ಕೈಗೆ ಬರುವುದು ಮೂರನೇ ದಿನ. ಹಾಗಾಗಿ ಐದು ದಿನಕ್ಕಿಂತ ಕಡಿಮೆ ಮಾಡಬೇಡಿ.

ಮಕ್ಕಳಿಗಿಂತ ಮೊದಲು ಶಿಕ್ಷಕರು ಆ ಜಾಗಕ್ಕೆ ಹೋಗಿ ಅಲ್ಲಿನ ಕೆಲಸಗಳನ್ನೆಲ್ಲ ಪಟ್ಟಿ ಮಾಡಬೇಕು. ದೂರ ನಿಂತು ನೋಡುವಂಥವು, ಜೊತೆಗೆ ನಿಂತು ಮಾಡುವಂಥವು, ಒಬ್ಬರೇ ಮಾಡಬಲ್ಲಂಥವು ಎಂದು ಮೂರು ಗುಂಪು. ತಿರುಗುವ ಅಲಗಿನ ಯಂತ್ರ, ಬಿಸಿ ಲೋಹ, ರಾಸಾಯನಿಕಗಳೆಲ್ಲ ಮೊದಲ ಗುಂಪಿಗೆ. ಇದರಲ್ಲಿ ರಿಯಾಯಿತಿ ಇಲ್ಲ. ಮೂರನೇ ಗುಂಪಿನಲ್ಲಿ ಕನಿಷ್ಠ ನಾಲ್ಕು ಕೆಲಸ ಸಿಗದಿದ್ದರೆ ಆ ಜಾಗ ಬಿಟ್ಟುಬಿಡುವುದೇ ಒಳ್ಳೆಯದು, ಮಗು ಗೋಡೆಗೆ ಒರಗಿ ನಿಂತೇ ವಾರ ಕಳೆಯುತ್ತದೆ. ಒಂದು ಜಾಗಕ್ಕೆ ಇಬ್ಬರು ಸಾಕು. ನಾಲ್ವರನ್ನು ಕಳಿಸಿದರೆ ಅವರವರೇ ಮಾತಾಡಿಕೊಳ್ಳುತ್ತಾರೆ.

ನಾವು ಎಡವಿದ್ದು ಪುಸ್ತಕದ ಪ್ರತಿ ದಿನದ ಪುಟಕ್ಕೆ ಹಾಕಿಸುವ ಸಹಿಯ ವಿಷಯದಲ್ಲಿ. ಮಾಲೀಕರ ಸಹಿ ಸಾಕು ಎಂದುಕೊಂಡೆವು. ಮಾಲೀಕರು ದಿನವಿಡೀ ಅಲ್ಲಿರುವುದಿಲ್ಲ. ಶುಕ್ರವಾರ ಐದೂ ಪುಟಕ್ಕೆ ಒಟ್ಟಿಗೆ ಸಹಿ ಬಿತ್ತು, ಓದಿದವರು ಯಾರೂ ಇಲ್ಲ. ಈಗ ಮಗುವಿನ ಪಕ್ಕದಲ್ಲೇ ಕೆಲಸ ಮಾಡುವ ಒಬ್ಬರ ಹೆಸರನ್ನು ಮೊದಲೇ ಪುಸ್ತಕದಲ್ಲಿ ಬರೆಯುತ್ತೇವೆ. ಓದಿ ಸಹಿ ಹಾಕಬೇಕಾದವರು ಅವರು, ಅದೂ ಆಯಾ ದಿನವೇ.

ಪ್ರತಿ ದಿನದ ಕೊನೆಯ ಇಪ್ಪತ್ತು ನಿಮಿಷ ಬರೆಯಲು ಮೀಸಲು. ಮನೆಗೆ ಹೋಗಿ ಬರೆದರೆ ಅಳತೆಗಳು ಮರೆತು ‘ಚೆನ್ನಾಗಿತ್ತು, ತುಂಬಾ ಕಲಿತೆ’ ಎಂಬ ಎರಡು ಮಾತು ಉಳಿಯುತ್ತದೆ. ಪುಟದಲ್ಲಿ ನಾಲ್ಕೇ ಪ್ರಶ್ನೆ: ಏನು ಮಾಡಿದೆ, ಯಾವ ಸಲಕರಣೆಯಿಂದ, ಅಳತೆ ಅಥವಾ ಎಣಿಕೆ ಎಷ್ಟು, ಎಲ್ಲಿ ತಪ್ಪಿತು ಮತ್ತು ಏಕೆ. ನಾಲ್ಕನೆಯದನ್ನು ಖಾಲಿ ಬಿಡುವಂತಿಲ್ಲ.

ಮರಗೆಲಸದ ಒಂದು ಪುಟ ಹೀಗಿತ್ತು: 240 ಸೆಂ.ಮೀ. ಹಲಗೆಯಲ್ಲಿ 60ರ ನಾಲ್ಕು ತುಂಡಿಗೆ, ಒಂದನ್ನು ಕೊಯ್ದ ಮೇಲೆ ಮುಂದಿನದನ್ನು ಅಳೆದು, ಗೆರೆ ಹಾಕಿದೆ; ಯಂತ್ರದಲ್ಲಿ ಕೊಯ್ದದ್ದು ಬಡಗಿ; ಕೊನೆಯ ತುಂಡು 59.1 ಬಂತು. ಗರಗಸದ ಅಲಗು ಪ್ರತಿ ಕೊಯ್ತಕ್ಕೆ 3 ಮಿ.ಮೀ. ಮರ ತಿನ್ನುತ್ತದೆ, ಮೂರು ಕೊಯ್ತಕ್ಕೆ 9 ಮಿ.ಮೀ. ಹೋಯಿತು. ಮರುವಾರ ಗಣಿತದ ತರಗತಿ ಶುರುವಾದದ್ದು ಈ ಪುಟದಿಂದ. ವಾಪಸಾದ ಮೇಲೆ ಪುಸ್ತಕ ಬೀರು ಸೇರಿದರೆ ಇಡೀ ವಾರ ವ್ಯರ್ಥ. ಪ್ರತಿ ವಿಷಯದ ಶಿಕ್ಷಕರೂ ತಮಗೆ ಬೇಕಾದ ಎರಡು ಪುಟ ಆರಿಸಿಕೊಳ್ಳಬೇಕು.

ಇನ್ನು ಸ್ವಿಟ್ಜರ್ಲೆಂಡಿನ ರೂಢಿ. ತರಬೇತಿಗೆ ಸೇರುವ ಮುನ್ನ ಅಲ್ಲಿನ ಮಕ್ಕಳು ಕೆಲವು ದಿನ ಕೆಲಸದ ರುಚಿ ನೋಡುತ್ತಾರೆ, ಅದಕ್ಕೆ ಶ್ನುಪ್ಪರ್‌ಲೇರೆ ಎನ್ನುತ್ತಾರೆ. ಅದನ್ನು ನೋಡಿ ನಾವೂ ಆರು ತಿಂಗಳ ನಂತರ ಎರಡನೇ ಸುತ್ತು ಇಟ್ಟೆವು, ಮೊದಲಿನದಕ್ಕೆ ಸಂಬಂಧವೇ ಇಲ್ಲದ ಜಾಗಕ್ಕೆ. ‘ಮರಗೆಲಸ ನನಗೆ ಬೇಡ’ ಎಂದ ಮಗುವಿಗೆ ಬೇಡವಾದದ್ದು ದೂಳೋ, ಅಳತೆಯೋ, ಸದ್ದೋ ಎಂಬುದು ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟಾಗಲೇ ಗೊತ್ತಾಗುವುದು.