ಟಿಚ್ ಬಟನ್ ಮುರಿಯದೆ ಜಿಪಿಎಸ್ ಆಂಟೆನಾ ಹಾಕುವುದು ಹೇಗೆ?

ದಾವಣಗೆರೆಯ ನನ್ನ ರಿಪೇರಿ ಟೇಬಲ್ಲಿಗೆ ಮಳೆಗಾಲ ಮುಗಿಯುತ್ತಿದ್ದಂತೆ ಒಂದು ಜಾತಿಯ ಲ್ಯಾಪ್‌ಟಾಪ್ ಜಾಸ್ತಿ ಬರುತ್ತದೆ. ಇಟ್ಟಿಗೆಯಷ್ಟು ದಪ್ಪ, ಮೇಲೊಂದು ಹಿಡಿಕೆ. ಇವಕ್ಕೆ ರಗಡ್, ಅಂದರೆ ಗಟ್ಟಿಮುಟ್ಟಾದ, ಲ್ಯಾಪ್‌ಟಾಪ್ ಅಂತಾರೆ. ನಮ್ಮ ಕಡೆ ರಗಡ ಅಂದರೆ ಬೇಕಾದಷ್ಟು ಅಂತ ಅಲ್ವಾ, ತೂಕದ ಮಟ್ಟಿಗೆ ಹೆಸರು ಸರಿಯಾಗಿಯೇ ಇದೆ. ತರುವವರು ಜಮೀನು ಅಳೆಯುವವರು, ಚನ್ನಗಿರಿ ಕಡೆ ಅಡಿಕೆ ತೋಟಕ್ಕೆ ಡ್ರಿಪ್ ಲೈನ್ ಗುರುತು ಮಾಡುವವರು, ಚಿತ್ರದುರ್ಗದ ಜೋಗಿಮಟ್ಟಿ ಸಾಲಿನ ಗಾಳಿಯಂತ್ರಗಳ ಕೆಲಸಕ್ಕೆ ಹೋಗುವ ಹುಡುಗರು. ಹೆಚ್ಚಿನವು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಮಾಲು. ಎಲ್ಲರದೂ ಒಂದೇ ದೂರು: ‘ಬಿದ್ರೂ ಒಡೆಯಲ್ಲಣ್ಣ, ಆದ್ರೆ ಜಿಪಿಎಸ್ ಹಿಡಿಯೋದೇ ಇಲ್ಲ.’

ಬರುವಷ್ಟರಲ್ಲಿ ಅರ್ಧಕ್ಕರ್ಧ ಮಂದಿ ವಿಡಿಯೊ ನೋಡಿಕೊಂಡು ಒಮ್ಮೆ ಬಿಚ್ಚಿಯೇ ಇರುತ್ತಾರೆ. ಹೊರಗಿಡುವ ಐನೂರು ರೂಪಾಯಿ ಆಂಟೆನಾ ಸಿಕ್ಕಿಸಲು ಹೋಗಿ ಲ್ಯಾಪ್‌ಟಾಪ್ ಒಳಗಿನ ಸಾವಿರಾರು ರೂಪಾಯಿಯ ಜಿಪಿಎಸ್ ಕಾರ್ಡ್ ಹಾಳು ಮಾಡಿಕೊಂಡು ಬರುತ್ತಾರೆ. ಕಾರಣ ಯಾವಾಗಲೂ ಒಂದೇ. ಮೊದಲು ಆಂಟೆನಾ ಕೊಳ್ಳುತ್ತಾರೆ, ಆಮೇಲೆ ಒಳಗೇನಿದೆ ಅಂತ ನೋಡುತ್ತಾರೆ. ಆಂಟೆನಾ ಕೊಳ್ಳುವುದು ಕೊನೆಯ ಕೆಲಸ. ಅಲ್ಲಿಯವರೆಗೆ ದುಡ್ಡು ಜೇಬಿನಲ್ಲೇ ಇರಲಿ.

ಸಿಗ್ನಲ್ ಯಾಕೆ ಸಿಗಲ್ಲ

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಅಲ್ಲಿಂದ 1575.42 ಮೆಗಾಹರ್ಟ್ಸ್‌ನಲ್ಲಿ ಬರುವ ಸಿಗ್ನಲ್ ನೆಲ ಮುಟ್ಟುವ ಹೊತ್ತಿಗೆ ತೀರಾ ಸಣ್ಣದಾಗಿರುತ್ತದೆ. ಟಫ್‌ಬುಕ್‌ನಂಥ ಲ್ಯಾಪ್‌ಟಾಪ್‌ಗಳ ಮೈ ಮೆಗ್ನೀಸಿಯಂ ಮಿಶ್ರಲೋಹದ್ದು. ಬಿದ್ದರೆ ತಡೆಯುತ್ತದೆ, ಸಿಗ್ನಲ್ಲನ್ನೂ ತಡೆಯುತ್ತದೆ. ಕಂಪನಿಯವರು ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ ಮುಚ್ಚಳದಡಿ ಪುಟ್ಟ ಆಂಟೆನಾ ಇಟ್ಟಿರುತ್ತಾರೆ. ಬಯಲಲ್ಲಿ ಅದು ಸಾಕು. ಬೊಲೆರೊ ಒಳಗೆ ತೊಡೆ ಮೇಲಿಟ್ಟುಕೊಂಡರೆ ಮೇಲೆ ತಗಡಿನ ಟಾಪು, ಕೆಳಗೆ ಲೋಹದ ಮೈ. ಪಾಪ, ಅದೇನು ಮಾಡೀತು.

ಮೊದಲು ಅಳೆಯಿರಿ

ಸೆಕೆಂಡ್ ಹ್ಯಾಂಡ್ ಕೊಂಡವರು ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದು ಜಿಪಿಎಸ್ ಇದೆಯೋ ಇಲ್ಲವೋ ನೋಡಿ. ಒಂದೇ ಮಾಡೆಲ್‌ನಲ್ಲಿ ಜಿಪಿಎಸ್ ಇರುವುದೂ ಉಂಟು, ಇಲ್ಲದ್ದೂ ಉಂಟು. ಕೆಲವದರಲ್ಲಿ ಬೇರೆ ಜಿಪಿಎಸ್ ಕಾರ್ಡೇ ಇರಲ್ಲ, 4ಜಿ ಕಾರ್ಡೇ ಆ ಕೆಲಸವನ್ನೂ ಮಾಡುತ್ತದೆ. ಎರಡೂ ಇಲ್ಲ ಅಂದರೆ ಇಲ್ಲಿಗೆ ನಿಲ್ಲಿಸಿ, ಒಂದು ಯುಎಸ್‌ಬಿ ಜಿಪಿಎಸ್ ತಗೊಳ್ಳಿ.

ಮ್ಯಾಪ್‌ನಲ್ಲಿ ನೀಲಿ ಚುಕ್ಕೆ ಬಂತು ಅಂತ ಖುಷಿಪಡಬೇಡಿ. ವಿಂಡೋಸ್ ಸುತ್ತಲಿನ ವೈ-ಫೈ ನೋಡಿಕೊಂಡೂ ಜಾಗ ಊಹಿಸುತ್ತದೆ. ವೈ-ಫೈ ಆಫ್ ಮಾಡಿ, ಯು-ಸೆಂಟರ್‌ನಂಥ ಒಂದು ತಂತ್ರಾಂಶ ಹಾಕಿಕೊಂಡು ಜಿಪಿಎಸ್‌ನ ಕಾಮ್ ಪೋರ್ಟ್ (ಡಿವೈಸ್ ಮ್ಯಾನೇಜರ್‌ನಲ್ಲಿ COM ಅಂತ ನಂಬರ್ ಸಮೇತ ಕಾಣುವುದು) ತೆರೆಯಿರಿ. ಬಾಡ್ ರೇಟ್, ಅಂದರೆ ಮಾಹಿತಿ ಬರುವ ವೇಗ, ಸಾಮಾನ್ಯವಾಗಿ 4800 ಅಥವಾ 9600. ಪ್ರತಿ ಉಪಗ್ರಹದ ಎದುರು ಅದರ ಸಿಗ್ನಲ್ ಎಷ್ಟು ಗಟ್ಟಿ ಅಂತ ಹೇಳುವ ಒಂದು ಅಂಕೆ ಕಾಣುತ್ತದೆ. ನನ್ನ ಅನುಭವದಲ್ಲಿ 40 ದಾಟಿದರೆ ಚೆನ್ನಾಗಿದೆ, 30ರ ಕೆಳಗೆ ಒದ್ದಾಟ. ನೀವು ಎಲ್ಲಿದ್ದೀರಿ ಅಂತ ಲೆಕ್ಕ ಹಾಕಲು ಕಡಿಮೆಯೆಂದರೆ 4 ಉಪಗ್ರಹ ಬೇಕು. ಮನೆ ತಾರಸಿ ಮೇಲೆ 15 ನಿಮಿಷ ಇಟ್ಟು ಸ್ಕ್ರೀನಿನ ಫೋಟೊ ತೆಗೆದಿಡಿ. ಯಾವ ಜಾಗ, ಎಷ್ಟು ಗಂಟೆ ಅಂತ ಬರೆದಿಡಿ. ಇದನ್ನು ಬಿಟ್ಟವರು ಆಮೇಲೆ ‘ಈಗ ಪರವಾಗಿಲ್ಲ ಅನ್ಸುತ್ತೆ’ ಅಂತಾರೆ. ಅನ್ಸಿದ್ದಕ್ಕೆ ನಾನು ಬಿಲ್ ಮಾಡಲ್ಲ.

ತಾರಸಿ ಮೇಲೂ ಅಂಕೆ 20ರ ಆಸುಪಾಸು ಇದ್ದರೆ ಒಳಗಿನ ವೈರೇ ಕಳಚಿಕೊಂಡಿರಬಹುದು. ಹಾಗಿದ್ದರೆ ಸರಿಯಾಗಿ ಕೂರಿಸಿದರೆ ಸಾಕು, ಹೊಸ ಆಂಟೆನಾನೇ ಬೇಡ.

ಬಿಚ್ಚುವುದು

ಬ್ಯಾಟರಿ ತೆಗೆಯಿರಿ, ಚಾರ್ಜರ್ ಕೀಳಿರಿ, ಸ್ಕ್ರೂಗಳನ್ನು ತೆಗೆದ ಕ್ರಮದಲ್ಲೇ ಥರ್ಮಾಕೋಲ್ ತುಂಡಿಗೆ ಚುಚ್ಚಿಡಿ, ಒಳಗಿನದರ ಫೋಟೊ ತೆಗೆಯಿರಿ.

ಟಿಚ್ ಬಟನ್

ಜನ ಎಡವುವುದು ಇಲ್ಲೇ. ಕಾರ್ಡಿನ ಅಂಚಿನಲ್ಲಿ ಚಿನ್ನದ ಬಣ್ಣದ ಪುಟ್ಟ ಪುಟ್ಟ ಉಂಗುರಗಳು ಕಾಣುತ್ತವೆ. ಅವುಗಳ ಮೇಲೆ ತೆಳ್ಳಗಿನ ವೈರುಗಳು ಕೂತಿರುತ್ತವೆ, ರವಿಕೆಯ ಟಿಚ್ ಬಟನ್ ಇದ್ದ ಹಾಗೆ. ಹಳೆಯ ಮಿನಿ ಪಿಸಿಐ ಕಾರ್ಡುಗಳಲ್ಲಿ ಇರುವುದಕ್ಕೆ ಯು.ಎಫ್‌ಎಲ್ ಅಂತ ಹೆಸರು, ಅಗಲ ಸುಮಾರು 2.6 ಮಿ.ಮೀ. ಹೊಸ ಎಂ.2 ಕಾರ್ಡುಗಳಲ್ಲಿ ಇನ್ನೂ ಚಿಕ್ಕದು, ಎಂಎಚ್‌ಎಫ್4, ಸುಮಾರು 2 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಒಂದರ ಮೇಲೆ ಇನ್ನೊಂದನ್ನು ಒತ್ತಿದರೆ ಎರಡೂ ಹೋಯಿತು. ಕಾರ್ಡಿನ ನಂಬರ್ ನೋಡಿ, ಅದಕ್ಕೆ ಹೊಂದುವ ವೈರನ್ನೇ ತರಿಸಿ. ಒಂದು ತುದಿಯಲ್ಲಿ ಈ ಬಟನ್, ಇನ್ನೊಂದು ತುದಿಯಲ್ಲಿ ಹೊರಗಿನ ಆಂಟೆನಾ ಸಿಕ್ಕಿಸುವ ತಿರುಪಿನ ಎಸ್‌ಎಂಎ ಕನೆಕ್ಟರ್ ಇರುವ ಗೇಣುದ್ದದ ವೈರು ಅದು. ಪಿಗ್‌ಟೇಲ್ ಅಂತ ಕೇಳಿದರೆ ಕೊಡುತ್ತಾರೆ.

4ಜಿ ಕಾರ್ಡಾದರೆ ಎರಡು ಮೂರು ಬಟನ್ ಇರುತ್ತವೆ. ಜಿಪಿಎಸ್‌ನದರ ಪಕ್ಕ ಜಿ ಅಕ್ಷರವೋ ಜಿಎನ್‌ಎಸ್‌ಎಸ್ ಅಂತಲೋ ಬರೆದಿರುತ್ತದೆ. ಮೇನ್ ಬಟನ್ ಕಿತ್ತರೆ ನೆಟ್ ಹೋಗುತ್ತದೆ, ಜಿಪಿಎಸ್ ಬರಲ್ಲ.

ಇನ್ನು ಕೀಳುವ ಬಗೆ. ವೈರ್ ಹಿಡಿದು ಎಳೆಯಲೇಬೇಡಿ. ವೈರ್ ಎಳೆದರೆ ಬಟನ್ ಓರೆಯಾಗಿ ಏಳುತ್ತದೆ. ಆಗ ಕೆಳಗಿನ ಉಂಗುರ ಕಾರ್ಡಿನ ಬೆಸುಗೆ ಸಮೇತ ಎದ್ದು ಬರುತ್ತದೆ. ನಾನು ಗಟ್ಟಿ ತಂತಿಯ ತುದಿಯನ್ನು ಪುಟ್ಟ ಕೊಕ್ಕೆಯಂತೆ ಬಗ್ಗಿಸಿಟ್ಟುಕೊಂಡಿದ್ದೇನೆ. ಅದನ್ನು ಬಟನ್ನಿನ ಕತ್ತಿನ ಕೆಳಗೆ, ವೈರು ಹೊರಡುವ ಜಾಗದ ಹತ್ತಿರ ತೂರಿಸಿ ನೇರ ಮೇಲಕ್ಕೆ ಎತ್ತುತ್ತೇನೆ. ನೇರ ಅಂದರೆ ಬಾವಿಯಿಂದ ಕೊಡ ಸೇದಿದಷ್ಟು ನೇರ.

ಕೂರಿಸುವುದು ಕೀಳುವುದಕ್ಕಿಂತ ಕಷ್ಟ. ಬಟನ್ನನ್ನು ಉಂಗುರದ ಮೇಲೆ ಸುಮ್ನೆ ಇಡಿ, ಒತ್ತಬೇಡಿ. ಬೆರಳ ತುದಿಯಿಂದ ತುಸು ಆ ಕಡೆ ಈ ಕಡೆ ಜಾರಿಸಿ. ಸರಿಯಾದ ಜಾಗಕ್ಕೆ ಬಂದಾಗ ಜಾರುವುದು ನಿಂತು ಸಿಕ್ಕಿಕೊಂಡಂತೆ ಆಗುತ್ತದೆ. ಈಗ ತಲೆ ಬಗ್ಗಿಸಿ ಪಕ್ಕದಿಂದ ನೋಡಿ, ಮಟ್ಟಸವಾಗಿ ಕೂತಿದೆಯಾ? ಕಣ್ಣು ಸಾಲದಿದ್ದರೆ ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ. ನನಗೂ ಈಗ ಜೂಮ್ ಬೇಕು. ಆಮೇಲೆ ಪೆನ್ಸಿಲ್ ಹಿಂದಿನ ರಬ್ಬರ್ ತುದಿಯಿಂದ ನೇರವಾಗಿ ಒತ್ತಿ. ‘ಟಕ್’ ಅಂತ ಬೆರಳಿಗೆ ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಇನ್ನಷ್ಟು ಜೋರಾಗಿ ಒತ್ತಬೇಡಿ, ಎತ್ತಿ ಮತ್ತೆ ಮೊದಲಿಂದ ಇಡಿ. ಓರೆಯಾಗಿದ್ದಾಗ ಒತ್ತಿದರೆ ನಡುವಿನ ಕೂದಲೆಳೆಯಂಥ ಪಿನ್ನು ಮಡಚಿಕೊಳ್ಳುತ್ತದೆ. ಅದನ್ನು ಮತ್ತೆ ನೆಟ್ಟಗೆ ಮಾಡಿದವರನ್ನು ನಾನಂತೂ ಕಂಡಿಲ್ಲ.

ಕೂತ ಮೇಲೆ ಬಟನ್ ಸುತ್ತ ತಿರುಗುತ್ತದೆ. ಅದು ಸಡಿಲ ಅಲ್ಲ, ಅದರ ಗುಣವೇ ಹಾಗೆ. ಸಡಿಲ ಅಂದುಕೊಂಡು ಯಾರೋ ಒಬ್ಬರು ಸೂಪರ್ ಗ್ಲೂ ಬಿಟ್ಟು ತಂದಿದ್ದರು. ಗ್ಲೂ ಸಂದಿಗೆ ಇಳಿದು ಲೋಹಕ್ಕೂ ಲೋಹಕ್ಕೂ ನಡುವೆ ಗೋಡೆ ಕಟ್ಟಿತ್ತು. ಕಾರ್ಡ್ ಬದಲಿಸಬೇಕಾಯಿತು. ಮೇಲೊಂದು ತುಂಡು ಕ್ಯಾಪ್ಟಾನ್ ಟೇಪ್ (ಬಿಸಿ ತಡೆಯುವ ಹಳದಿ ಟೇಪ್) ಸಾಕು. ಬಟನ್‌ನಿಂದ ಎರಡು ಸೆಂಟಿಮೀಟರ್ ದೂರದಲ್ಲಿ ವೈರಿಗೂ ಒಂದು ಟೇಪ್ ಹಚ್ಚಿ, ನಡುವೆ ಸ್ವಲ್ಪ ಸಡಿಲ ಬಿಡಿ. ಹೊರಗೆ ಯಾರಾದರೂ ಎಳೆದರೂ ಪೆಟ್ಟು ಬಟನ್ನಿಗೆ ಬೀಳಬಾರದು. ಇನ್ನೊಂದು ಮಾತು: ಯು.ಎಫ್‌ಎಲ್ ಬಟನ್ನನ್ನು ಸುಮಾರು 30 ಸಲ ಹಾಕಿ ತೆಗೆಯುವುದಕ್ಕಷ್ಟೇ ಮಾಡಿರುತ್ತಾರೆ. ‘ಒಂದ್ಸಲ ನೋಡೋಣ’ ಅಂತ ಆಟ ಆಡಬೇಡಿ. ಹಳೆಯ ವೈರಿನ ತುದಿಗೂ ಟೇಪ್ ಸುತ್ತಿ ಮೂಲೆಗೆ ಸೇರಿಸಿ, ಕತ್ತರಿಸಬೇಡಿ.

ಹೊರಗೆ ತರುವ ತೂತು

ಡ್ರಿಲ್ ಹಿಡಿಯಬೇಡಿ. ಮೆಗ್ನೀಸಿಯಂ ಪುಡಿಗೆ ಬೆಂಕಿ ಹತ್ತಬಹುದು, ಬೋರ್ಡ್ ಮೇಲೆ ಬಿದ್ದರೆ ಶಾರ್ಟ್ ಆಗುತ್ತದೆ. ಹಳೆಯ ಮಾಡೆಲ್‌ಗಳಲ್ಲಿ ಈಗ ಯಾರೂ ಮುಟ್ಟದ ಮೋಡೆಮ್ ತೂತೋ ಖಾಲಿ ಪ್ಲಾಸ್ಟಿಕ್ ಬಿಲ್ಲೆಯೋ ಇದ್ದರೆ ಆ ಬಿಲ್ಲೆಯನ್ನು ಹೊರತೆಗೆದು ಅದರಲ್ಲೇ ಆರೂವರೆ ಮಿ.ಮೀ. ತೂತು ಮಾಡಿ ಎಸ್‌ಎಂಎ ಕೂರಿಸಿ. ರಬ್ಬರ್ ವಾಷರ್ ಹಾಕಿದರೂ ಮೊದಲಿನಂತೆ ನೀರು ತಡೆಯುತ್ತದೆ ಅಂತ ನಾನು ಗ್ಯಾರಂಟಿ ಕೊಡಲ್ಲ.

ವೋಲ್ಟ್ ನೋಡಿ, ಆಮೇಲೆ ಅಂಗಡಿಗೆ ಹೋಗಿ

ಅಂಗಡಿಯಲ್ಲಿ ಸಿಗುವ ಕಪ್ಪು ಡಬ್ಬಿಯ ಆಂಟೆನಾಗಳಲ್ಲಿ ಹೆಚ್ಚಿನವು ಆಕ್ಟಿವ್. ಒಳಗೊಂದು ಆಂಪ್ಲಿಫೈಯರ್ ಇರುತ್ತದೆ, ಅದಕ್ಕೆ ಅದೇ ವೈರಿನಲ್ಲಿ 3ರಿಂದ 5 ವೋಲ್ಟ್ ಕರೆಂಟ್ ಹೋಗಬೇಕು. ಜಿಪಿಎಸ್ ಕಾರ್ಡ್ ಸಾಮಾನ್ಯವಾಗಿ ಕೊಡುತ್ತದೆ. 4ಜಿ ಕಾರ್ಡುಗಳು ಎಷ್ಟೋ ಸಲ ಕೊಡಲ್ಲ. ಲ್ಯಾಪ್‌ಟಾಪ್ ಆನ್ ಮಾಡಿ, ಜಿಪಿಎಸ್ ಓಡುತ್ತಿರುವಾಗ ಎಸ್‌ಎಂಎ ತುದಿಯಲ್ಲಿ ಮಲ್ಟಿಮೀಟರ್ ಹಿಡಿಯಿರಿ: ಕೆಂಪು ನಡುವಿನ ತೂತಿಗೆ, ಕಪ್ಪು ಹೊರಗಿನ ತಿರುಪಿಗೆ. ದಪ್ಪ ಕಡ್ಡಿ ತೂತಿಗೆ ಇಳಿಯಲ್ಲ. ತೂತು ಹಿಗ್ಗಿಸದಂಥ ತೆಳ್ಳನೆ ಗುಂಡುಸೂಜಿ ಇಟ್ಟು ಅದನ್ನು ಮುಟ್ಟಿಸಿ. ಕೈ ಜಾರಿ ಒಳಗೂ ಹೊರಗೂ ಒಟ್ಟಿಗೆ ತಾಗಿದರೆ ಶಾರ್ಟ್. ಅದಕ್ಕೇ ಇದನ್ನು ಕಾರ್ಡಿನ ಮೇಲೆ ಮಾಡಬೇಡಿ ಅಂತ ಹೇಳುವುದು. ಸೊನ್ನೆ ತೋರಿಸಿದರೆ ನಡುವೆ ಬಯಾಸ್ ಟೀ ಅನ್ನುವ ಪುಟ್ಟ ಡಬ್ಬಿ ಹಾಕಿ ಕರೆಂಟ್ ಕೊಡಬೇಕು. ಅಷ್ಟು ರಗಳೆ ಯಾಕೆ, ಆಗ ನಾನೂ ಯುಎಸ್‌ಬಿ ಜಿಪಿಎಸ್ಸೇ ಹಾಕಿಕೊಳ್ಳಿ ಅಂತೀನಿ. ಬೇರೆ ಬೇರೆ ಪೋರ್ಟಿಗೆ ಸಿಕ್ಕಿಸಿದಾಗಲೆಲ್ಲ ಅದರ ಕಾಮ್ ನಂಬರ್ ಬದಲಾಗಬಹುದು, ಒಂದೇ ಪೋರ್ಟಿಗೆ ಚೀಟಿ ಅಂಟಿಸಿಕೊಳ್ಳಿ.

ವೋಲ್ಟ್ ಬಂದರೆ ಮ್ಯಾಗ್ನೆಟ್ ತಳದ, 25 ಮಿ.ಮೀ. ಸೆರಾಮಿಕ್ ಬಿಲ್ಲೆಯ, 3 ಮೀಟರ್ ವೈರಿನ ಆಂಟೆನಾ ತಗೊಳ್ಳಿ. 5 ಮೀಟರಿನದು ಬೇಡ. ಆ ತೆಳ್ಳಗಿನ ವೈರಿನಲ್ಲಿ ಮೀಟರಿಗೆ ಒಂದು ಡೆಸಿಬೆಲ್‌ನ ಆಸುಪಾಸು ಸೋರಿಹೋಗುತ್ತದೆ, ಉಳಿದ ಉದ್ದ ಸೀಟಿನ ಕೆಳಗೆ ಕಾಲಿಗೆ ಸಿಗುತ್ತದೆ. ತುದಿಯಲ್ಲಿ ಪಿನ್ನು ಇದೆಯಾ ನೋಡಿ. ವೈ-ಫೈ ರೂಟರಿನ ಆರ್‌ಪಿ-ಎಸ್‌ಎಂಎ ಕೂಡ ಇದೇ ತಿರುಪಿಗೆ ಚೆನ್ನಾಗಿ ಕೂರುತ್ತದೆ. ಆದರೆ ಎರಡು ಕಡೆಯೂ ತೂತು, ನಡುವೆ ಏನೂ ತಾಗಲ್ಲ. ‘ಫಿಟ್ ಆಯ್ತಲ್ಲ’ ಅಂತ ಎಷ್ಟು ಜನ ವಾದ ಮಾಡಿದ್ದಾರೋ. ಹಿಂಬದಿಗೆ ಅಂಟಿಸುವ ‘ಸಿಗ್ನಲ್ ಬೂಸ್ಟರ್’ ಸ್ಟಿಕ್ಕರ್ ಬಗ್ಗೆ ಕೇಳಲೇಬೇಡಿ, ಆ ದುಡ್ಡಿಗೆ ಮಂಡಕ್ಕಿ ಮಿರ್ಚಿ ತಿನ್ನಿ.

ಎಲ್ಲಿಡಬೇಕು

ಗಾಡಿಯ ಟಾಪಿನ ನಡುವೆ, ಮುಖ ಮೇಲಕ್ಕೆ. ತಗಡಿನ ಟಾಪು ಆಂಟೆನಾಗೆ ಅನುಕೂಲವೇ, ಕೆಳಗಡೆಯಿಂದ ಪುಟಿದು ಬರುವ ಸಿಗ್ನಲ್ಲನ್ನು ತಡೆಯುತ್ತದೆ. ವೈರನ್ನು ಬಾಗಿಲಿನ ರಬ್ಬರ್ ಬೀಡಿಂಗ್ ಮೆತ್ತಗಿರುವ ಕಡೆ ಒಳಗೆ ತನ್ನಿ. ಲಾಕ್ ಇರುವ ಕಡೆ ತಂದರೆ ಬಾಗಿಲು ಬಡಿದಾಗಲೆಲ್ಲ ಜಜ್ಜಿಹೋಗುತ್ತದೆ.

ನಡೆದು ಕೆಲಸ ಮಾಡುವವರು ಲ್ಯಾಪ್‌ಟಾಪ್ ಮೇಲೆಯೇ ಅಂಟಿಸಲು ಹೋಗುತ್ತಾರೆ. ಮೆಗ್ನೀಸಿಯಂಗೆ ಮ್ಯಾಗ್ನೆಟ್ ಹಿಡಿಯಲ್ಲ. ಒಮ್ಮೆ ನಾನು ಅದನ್ನು ಕೀಬೋರ್ಡ್ ಮುಂದೆ ಅಂಗೈ ಇಡುವ ಜಾಗದಲ್ಲಿ ಸುಮ್ನೆ ಇಟ್ಟೆ. ಲ್ಯಾಪ್‌ಟಾಪ್ ಮಲಗಿಬಿಟ್ಟಿತು. ಎಬ್ಬಿಸಿದರೆ ಮತ್ತೆ ಮಲಗಿತು. ಬ್ಯಾಟರಿ, ರ‍್ಯಾಮ್ ಎಲ್ಲ ಬಿಚ್ಚಿ ನೋಡಿದ ಮೇಲೆ ಹೊಳೆಯಿತು: ಮುಚ್ಚಳ ಮುಚ್ಚಿದ್ದನ್ನು ತಿಳಿಯುವ ಸೆನ್ಸರ್ ಕೂಡ ಮ್ಯಾಗ್ನೆಟ್ಟಿನಿಂದಲೇ ನಡೆಯುವುದು. ಒಂದು ಅಂಗೈ ಅಗಲದ ಜಿಐ ಶೀಟ್ ತುಂಡನ್ನು ಟ್ರೈಪಾಡ್‌ಗೋ ಕೋಲಿಗೋ ಬಿಗಿದು ಅದರ ಮೇಲೆ ಆಂಟೆನಾ ಇಡಿ, ತಲೆಗಿಂತ ಎತ್ತರಕ್ಕೆ. ನಿಮ್ಮ ತಲೆಯೂ ಸಿಗ್ನಲ್ ತಡೆಯುತ್ತದೆ.

ಮತ್ತೆ ಅಳೆಯಿರಿ

ಅದೇ ತಾರಸಿ, ಮರುದಿನ, 4 ನಿಮಿಷ ಮುಂಚೆ. ಯಾಕೆ ಮುಂಚೆ ಅಂದರೆ ಜಿಪಿಎಸ್ ಉಪಗ್ರಹಗಳು ಸುಮಾರು 23 ಗಂಟೆ 56 ನಿಮಿಷಕ್ಕೆ ಆಕಾಶದಲ್ಲಿ ಅದೇ ಜಾಗಕ್ಕೆ ಬರುತ್ತವೆ. ವಾರ ಬಿಟ್ಟು ನೋಡುವುದಾದರೆ 28 ನಿಮಿಷ ಮುಂಚೆ. ಹಳೆಯ ಫೋಟೊ ಪಕ್ಕದಲ್ಲಿಟ್ಟು ಒಂದೊಂದೇ ಉಪಗ್ರಹದ ಅಂಕೆ ಹೋಲಿಸಿ. ಗಾಡಿಯೊಳಗಿನ ಕೆಲಸವಾದರೆ ಎರಡು ಸಲವೂ ಗಾಡಿಯಲ್ಲೇ ಅಳೆಯಿರಿ. ಅಂಕೆ ಒಂದೂ ಏರದಿದ್ದರೆ ಮೊದಲು ಎಸ್‌ಎಂಎ ಪಿನ್ನು ನೋಡಿ, ಆಮೇಲೆ ವೋಲ್ಟು, ಬಟನ್ ಮುಟ್ಟುವುದು ಕಟ್ಟಕಡೆಗೆ.

ಚಂದ್ರವಳ್ಳಿಯ ಬಂಡೆಗಳ ನಡುವೆ ನಿಂತು ‘ಆಂಟೆನಾ ಹಾಕಿದ್ರೂ ಹತ್ತು ಮೀಟರ್ ಆಚೆ ತೋರಿಸ್ತಿದೆ’ ಅಂತ ಫೋನ್ ಮಾಡುವವರು ಇದ್ದಾರೆ. ಅರ್ಧ ಆಕಾಶವನ್ನು ಬಂಡೆ ಮುಚ್ಚಿದೆ, ಉಳಿದ ಸಿಗ್ನಲ್ ಬಂಡೆಗೆ ಬಡಿದು ಸುತ್ತು ಹಾಕಿ ಬರುತ್ತಿದೆ. ಅಲ್ಲಿ ಬಯಲು ಕಾಣುವ ಕಡೆ ಒಂದು ಪಾಯಿಂಟ್ ತಗೊಂಡು, ಅಲ್ಲಿಂದ ಟೇಪ್ ಹಿಡಿದು ಅಳೆಯಿರಿ. ಮಳೆ ನಿಂತ ತಕ್ಷಣ ಅಡಿಕೆ ತೋಟಕ್ಕೂ ನುಗ್ಗಬೇಡಿ. ಒದ್ದೆ ಸೋಗೆ ಸಿಗ್ನಲ್ ಕುಡಿಯುತ್ತದೆ, ಒಂದೆರಡು ತಾಸು ಒಣಗಲಿ.