ಮಾವನವರ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿದ್ದು ಹೀಗೆ

ಕಾಸರಗೋಡು ಜಿಲ್ಲೆಯ ನೀರ್ಚಾಲಿನ ನಮ್ಮ ಮನೆಯ ಅಟ್ಟದಲ್ಲಿ ಮಾವನವರ ಟ್ರಂಕಿತ್ತು. ಅದರೊಳಗೆ 64 ಕ್ಯಾಸೆಟ್. ಹೆಚ್ಚಿನವು ತಾಳಮದ್ದಳೆ ಕೂಟದವು, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಪದ ಹಾಡಿ ಮಾತಾಡುವ ಯಕ್ಷಗಾನದವು. ಸುತ್ತಮುತ್ತ ಎಲ್ಲಿ ಕೂಟ ಆದರೂ ಮಾವ ಟೇಪ್ ರೆಕಾರ್ಡರ್ ಹೆಗಲಿಗೆ ನೇತುಹಾಕಿಕೊಂಡು ಹೊರಡುತ್ತಿದ್ದರಂತೆ. ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು, ಎಲೆಕ್ಟ್ರಾನಿಕ್ಸ್ ಓದಿದವಳಲ್ಲ. ಆದರೂ ಎರಡು ಬೇಸಿಗೆಯಲ್ಲಿ ಅಷ್ಟನ್ನೂ ಕಂಪ್ಯೂಟರಿಗೆ ಇಳಿಸಿದೆ.

ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಆಟಿ ತಿಂಗಳ ಮಳೆಯಲ್ಲಿ ಬೀರುವಿನ ಸೀರೆಗೇ ಬೂಷ್ಟು ಹಿಡಿಯುತ್ತದೆ, ಟೇಪಿಗೆ ಹಿಡಿಯದೇ ಇರುತ್ತದಾ? ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದನ್ನು ಬೇರೆ ಡಬ್ಬಿಗೆ ಹಾಕಿ, ಎಲ್ಲ ಮುಗಿದ ಮೇಲೆ ಮುಟ್ಟಿ. ಮೊದಲೇ ಓಡಿಸಿದರೆ ಬೂಷ್ಟು ಟೇಪನ್ನು ಓದುವ ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಇನ್ನೊಂದು, ಸೂಜಿ ಹೆಕ್ಕುವ ಅಯಸ್ಕಾಂತ ನನ್ನ ಮೇಜಿನ ಮೇಲೆ ಯಾವಾಗಲೂ ಇರುತ್ತದೆ. ಕ್ಯಾಸೆಟ್ ಬಂದ ದಿನವೇ ಅದನ್ನು ಅಡುಗೆಕೋಣೆಗೆ ಸಾಗಿಸಿದೆ. ಟೇಪಿನ ಮೇಲಿರುವುದೂ ಕಾಂತದ ಗುರುತೇ ಅಲ್ವಾ.

ಮಾವನವರ ರೆಕಾರ್ಡರಿನ ಬೆಲ್ಟ್ ಕರಗಿ ಡಾಮರಾಗಿತ್ತು. ಹಳೇ ಬೆಲ್ಟಿನ ಅಳತೆ ಸಿಗುವಂತಿರಲಿಲ್ಲ. ಗಾಲಿಗಳ ಸುತ್ತ ನೂಲು ಸುತ್ತಿ, ಅದನ್ನು ಟೇಪಿನಲ್ಲಿ ಅಳೆದು (ನನ್ನ ಟೇಪು, ಹೊಲಿಗೆಯದ್ದು), ಅದಕ್ಕಿಂತ ಸ್ವಲ್ಪ ಚಿಕ್ಕ ಬೆಲ್ಟನ್ನು ಕಾಸರಗೋಡಿನಿಂದ ತಂದು ಹಾಕಿದೆ. ಆಮೇಲೆ ಮೆಡಿಕಲ್ಲಿನಲ್ಲಿ ಸಿಗುವ ಐಸೋಪ್ರೊಪೈಲ್ ಆಲ್ಕೋಹಾಲನ್ನು ಕಿವಿಕಡ್ಡಿಗೆ ಅದ್ದಿ ಹೆಡ್ಡು, ತಿರುಗುವ ಉಕ್ಕಿನ ಕಡ್ಡಿ, ಅದಕ್ಕೆ ಒತ್ತುವ ರಬ್ಬರ್ ಗಾಲಿ ಎಲ್ಲ ಒರೆಸಿ. ಕಂದು ಕೊಳೆ ಬರುವುದು ನಿಲ್ಲುವ ತನಕ ಒರೆಸಬೇಕು. ಇಲ್ಲೊಂದು ದಡ್ಡ ಕೆಲಸ ಮಾಡಿದೆ. ಕೀಚ್ ಕೀಚ್ ಅಂದಿತು ಅಂತ ಹೊಲಿಗೆ ಮೆಷಿನ್ನಿನ ಎಣ್ಣೆ ಒಂದು ಹನಿ ಬಿಟ್ಟೆ. ಅದು ರಬ್ಬರಿಗೆ ಹರಿದು, ಟೇಪು ಜಾರಿ, ಒಂದು ಗಂಟೆ ಕೂಟ ಅಲೆ ಅಲೆಯಾಗಿ ಕೇಳಿತು. ಎಣ್ಣೆ ಬೇಡವೇ ಬೇಡ.

ಪ್ರತಿ ಕ್ಯಾಸೆಟ್ಟನ್ನು ಮೊದಲು ಕೊನೆಯ ತನಕ ಮುಂದಕ್ಕೆ, ಮತ್ತೆ ಹಿಂದಕ್ಕೆ ಓಡಿಸಿ. ವರ್ಷಗಟ್ಟಲೆ ಅಂಟಿಕೊಂಡ ಸುರುಳಿ ಸಡಿಲಾಗುತ್ತದೆ. 120 ನಿಮಿಷದ ಕ್ಯಾಸೆಟ್ ಆದರೆ ಜಾಗ್ರತೆ. ಅದರ ಟೇಪು ತುಂಬಾ ತೆಳು, ಬೇಗ ಸಿಕ್ಕಾಗುತ್ತದೆ. ಅದನ್ನು ಪೆನ್ಸಿಲ್ ತೂರಿಸಿ ಕೈಯಲ್ಲೇ ಸುತ್ತಿದೆ.

ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ 3.5 ಮಿ.ಮೀ. ಕೇಬಲ್ ಸಾಕು. ಆದರೆ ಲ್ಯಾಪ್‌ಟಾಪಿನ ಮೈಕ್ ತೂತಿಗೆ ನೇರ ಕೊಟ್ಟರೆ ಶಬ್ದ ಒಡೆಯುತ್ತದೆ. ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ತೆಗೆದುಕೊಳ್ಳಿ. ಗುಂಯ್ ಅಂತ ಕೇಳಿದರೆ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ನೋಡಿ, ನಮ್ಮಲ್ಲಿ ಅದರಿಂದಲೇ ನಿಂತಿತು. ಸಾಫ್ಟ್‌ವೇರ್ ಆಡಾಸಿಟಿ, ಪುಕ್ಕಟೆ. 44,100 ಹರ್ಟ್ಸ್, ವೇವ್ ಫೈಲ್. ಅತಿ ಜೋರಿನ ಚೆಂಡೆಪೆಟ್ಟು ಮೀಟರಿನಲ್ಲಿ ಮೈನಸ್ 6 ಡೆಸಿಬೆಲ್ ದಾಟದಂತೆ ವಾಲ್ಯೂಮ್ ಇಡಿ. ಪಾತ್ರವಾಗಿ ಮಾತಾಡುವ ಅರ್ಥಧಾರಿಯ ದನಿಗೆ ಅಳತೆ ಮಾಡಿ ಇಟ್ಟರೆ ಪದ ಶುರುವಾದ ಕೂಡಲೇ ಕೆಡುತ್ತದೆ. ಸ್ಟೀರಿಯೋದಲ್ಲಿ ನಿಮಿಷಕ್ಕೆ ಸುಮಾರು 10 ಎಂಬಿ ಬೇಕು. ಮಾವನವರದು ಒಂದೇ ಮೈಕಿನ ರೆಕಾರ್ಡರ್, ಹಾಗಾಗಿ ಮೋನೋದಲ್ಲಿ ಅರ್ಧಕ್ಕೇ ಮುಗಿಯಿತು.

ಶುರು ಮಾಡುವ ಮೊದಲು ಹೆಡ್ಡಿನ ಪಕ್ಕದ ಸ್ಪ್ರಿಂಗ್ ಇರುವ ಸ್ಕ್ರೂ ಹುಡುಕಿ. ಹೆಡ್ಡಿನ ಓರೆ ಸರಿ ಮಾಡುವುದು ಅದೇ. ಟೇಪು ಓಡುತ್ತಿರುವಾಗ ಕೂದಲೆಳೆಯಷ್ಟು ಆಚೆ ಈಚೆ ತಿರುಗಿಸುತ್ತಾ ಚಕ್ರತಾಳಕ್ಕೆ ಕಿವಿ ಕೊಡಿ. ಮಂಕಾಗಿದ್ದ ತಾಳ ಒಂದು ಕಡೆ ಛಿಂಗ್ ಅಂತ ಎದ್ದು ಕೇಳುತ್ತದೆ. ಅಲ್ಲಿಗೆ ಬಿಡಿ. ಅಯಸ್ಕಾಂತ ಹತ್ತಿದ ಸ್ಕ್ರೂಡ್ರೈವರ್ ಮಾತ್ರ ಬೇಡ. ಬೇರೆ ರೆಕಾರ್ಡರಿನಲ್ಲಿ ತುಂಬಿದ ಕ್ಯಾಸೆಟ್ ಬಂದರೆ ಇದನ್ನೇ ಮತ್ತೆ ಮಾಡಬೇಕು.

ಇನ್ನು ವೇಗ. ನನಗೆ ಅತಿ ಹೆಚ್ಚು ದಿನ ಹಿಡಿದದ್ದು ಇದು. ಎಷ್ಟೋ ಕೂಟಗಳಲ್ಲಿ ಮಾವ ಬ್ಯಾಟರಿ ಹಾಕಿಯೇ ತುಂಬಿದ್ದರು. ಬೆಳಗಿನ ಜಾವಕ್ಕೆ ಸೆಲ್ ಸೋಲುತ್ತದೆ, ಟೇಪು ನಿಧಾನವಾಗುತ್ತದೆ. ನಿಧಾನಕ್ಕೆ ತುಂಬಿದ್ದನ್ನು ಸರಿಯಾದ ವೇಗದಲ್ಲಿ ಓಡಿಸಿದರೆ ಸ್ವರ ಮೇಲೇರುತ್ತದೆ. ನನಗಿದು ತಿಳಿದೇ ಇರಲಿಲ್ಲ. ನೆರೆಮನೆಯ ಹಿರಿಯರೊಬ್ಬರು ಮದ್ದಳೆಗಾರರು, ಅವರಿಗೆ ಕೇಳಿಸಿದೆ. ಎರಡು ಪದ ಕೇಳಿ, "ಎಂತದು ಮಾರಾಯ್ತಿ, ಕಪ್ಪು ಎರಡರಲ್ಲಿ ಶುರುವಾದದ್ದು ಬಿಳಿ ಮೂರಕ್ಕೆ ಹೋಗಿದೆಯಲ್ಲ" ಅಂದರು. ಹಾರ್ಮೋನಿಯಂನ ಎರಡನೇ ಕಪ್ಪು ಮನೆಯಲ್ಲಿ (ಕೀಲಿಯಲ್ಲಿ) ಇದ್ದ ಶ್ರುತಿ ಪಕ್ಕದ ಮೂರನೇ ಬಿಳಿ ಮನೆಗೆ ಏರಿದೆ ಅಂತ ಅರ್ಥ. ಕೂಟದ ವಾಲಿಯ ಮಾತೂ ಆಗಲೇ ಪಡ್ಡೆ ಹುಡುಗನ ಹಾಗೆ ಕೇಳುತ್ತಿತ್ತು.

ಅಲ್ಲಿಂದ ಹಾರ್ಮೋನಿಯಂ ಪಕ್ಕದಲ್ಲಿಟ್ಟುಕೊಂಡು ಕೂತೆ. ಕೂಟದ ಹಿಂದೆ ಶ್ರುತಿಪೆಟ್ಟಿಗೆ ಒಂದೇ ಸಮನೆ ಕೇಳುತ್ತಿರುತ್ತದೆ. ಶುರುವಿನಲ್ಲಿ ಅದು ಯಾವ ಮನೆ, ಕೊನೆಯಲ್ಲಿ ಯಾವುದು ಅಂತ ಗುರುತು ಹಾಕಿ. ಕಪ್ಪು ಬಿಳಿ ಎರಡನ್ನೂ ಎಣಿಸಿ ಒಂದು ಮನೆ ಏರಿದ್ದರೆ ವೇಗ ಸುಮಾರು 6 ಶೇಕಡಾ ತಪ್ಪಿದೆ ಅಂತ ಲೆಕ್ಕ. ಆಡಾಸಿಟಿಯಲ್ಲಿ ಟೈಮ್ ಟ್ರ್ಯಾಕ್ ಅಂತ ಇದೆ. ಅದರ ಗೆರೆಯನ್ನು 100ರಿಂದ ಮೆಲ್ಲಗೆ 94ಕ್ಕೆ ಇಳಿಸುತ್ತಾ ಬಂದರೆ ಸ್ವರವೂ ಇಳಿದು ಕೂರುತ್ತದೆ. ನಡುವೆ ಪದ ಹಾಡುವ ಭಾಗವತರು ಬದಲಾದರೆ ಶ್ರುತಿಯೇ ಬೇರೆ ಆಗಿರಬಹುದು. ಅದನ್ನು ವೇಗದ ತಪ್ಪು ಅಂತ ಎಣಿಸಿ ಸರಿ ಮಾಡಲು ಹೋಗಬೇಡಿ. ನಾನು ಹೋಗಿದ್ದೆ.

ಗದ್ದಲ ತೆಗೆಯುವ ಆಯ್ಕೆಯನ್ನು ಹೆಚ್ಚು ನಂಬಬೇಡಿ. 12 ಡೆಸಿಬೆಲ್ ಹಾಕಿದಾಗ ಟೇಪಿನ ಸರಸರ ಹೋಯಿತು, ಜೊತೆಗೆ ಮದ್ದಳೆಯ ನಾದವೂ ಸತ್ತಿತು. 6ಕ್ಕೆ ನಿಲ್ಲಿಸಿದೆ. ತಗಡಿನ ಮಾಡಿನ ಮೇಲೆ ಮಳೆ ಬಿದ್ದ ಒಂದು ಕೂಟವಿದೆ, ಅದನ್ನು ಮುಟ್ಟಲೇ ಇಲ್ಲ. ಮಳೆ ಜೋರಾದಾಗ ಅರ್ಥಧಾರಿಯೂ ಸ್ವರ ಏರಿಸುತ್ತಾರೆ. ಮಳೆ ತೆಗೆದರೆ ಅವರು ಸುಮ್ನೆ ಕಿರುಚಿದ ಹಾಗೆ ಕೇಳುತ್ತದೆ.

ಏನೂ ತಿದ್ದದ ಮೂಲ ಫೈಲನ್ನು ಎರಡು ಹಾರ್ಡ್ ಡಿಸ್ಕಿನಲ್ಲಿ ಇಡಿ. ಒಂದು ನಮ್ಮಲ್ಲಿದೆ, ಇನ್ನೊಂದು ನಾದಿನಿಯ ಮನೆಯಲ್ಲಿ. ವಾಟ್ಸಾಪಿಗೆ ಎಂಪಿ3 ಸಾಕು. ಕ್ಯಾಸೆಟ್ಟಿನ ಚೀಟಿಯ ಫೋಟೋ ತೆಗೆದು ಅದೇ ಫೋಲ್ಡರಿಗೆ ಹಾಕಿ, ಯಾರ ಅರ್ಥ, ಯಾರ ಪದ ಅಂತ ಬರೆದಿರುವುದು ಅಲ್ಲಿ ಮಾತ್ರ. ನಮ್ಮಲ್ಲಿ ಚೀಟಿ ಇಲ್ಲದ ಹನ್ನೊಂದು ಕ್ಯಾಸೆಟ್ ಉಳಿದಿದ್ದವು. ಮದ್ದಳೆಯ ಹಿರಿಯರು ಸಂಜೆ ಚಹಾಕ್ಕೆ ಬಂದು ಕೇಳಿ ಹೆಸರು ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಏಳು ಮುಗಿದಿದೆ.